ಸೂರು ಬೇರೆ, ಆಸರೆ ಬೇರೆ



ಮನೆ ಕಂದಾಯ ಕಟ್ಟಿದ ರಸೀದಿ ನಿಮ್ಮ ಮನೆಯಲ್ಲಿ ಇರಬಹುದು. ಟ್ರಂಕಿನ ತಳದಲ್ಲೋ, ದೇವರ ಫೋಟೋದ ಹಿಂದೆಯೋ ಇಟ್ಟಿರುತ್ತೀರಿ. ಇವತ್ತು ಅದನ್ನು ಹೊರಗೆ ತೆಗೆಯಿರಿ. ಇಷ್ಟು ದಿನ ಅದು ಬರೀ ಕಾಗದ ಆಗಿತ್ತು. ಈಗ ನಮಗೆ ಓದಲು ಬರುತ್ತದೆ.

ಒಂದೊಂದೇ ಸಾಲು ಓದೋಣ. ಕಟ್ಟಡ ತೆರಿಗೆ. ಆರೋಗ್ಯ ಕರ. ಶಿಕ್ಷಣ ಕರ. ಗ್ರಂಥಾಲಯ ಕರ. ಇನ್ನೂ ಒಂದು ಸಾಲು ಇದೆ, ನೋಡಿ. ಭಿಕ್ಷುಕರ ಕರ.

"ಇದೇನಮ್ಮ ಇದು, ಭಿಕ್ಷುಕರ ಹತ್ರಾನೂ ಕಂದಾಯ ಕೇಳ್ತಾರಾ?" ಎಂದು ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಜ್ಜಿ ಕೇಳಿದರು. ಎಲ್ಲರೂ ನಕ್ಕೆವು. ಆದರೆ ಅಜ್ಜಿ ಕೇಳಿದ್ದು ಒಳ್ಳೆಯ ಪ್ರಶ್ನೆ. ಇದು ಭಿಕ್ಷುಕರಿಂದ ತೆಗೆದುಕೊಳ್ಳುವ ಕರ ಅಲ್ಲ. ಭಿಕ್ಷುಕರಿಗಾಗಿ, ನೆಲೆ ಇಲ್ಲದವರಿಗಾಗಿ, ನಮ್ಮಿಂದ ತೆಗೆದುಕೊಳ್ಳುವ ಕರ. 100 ರೂಪಾಯಿ ತೆರಿಗೆಗೆ 3 ರೂಪಾಯಿ. ಕೆಲವು ರಸೀದಿಗಳಲ್ಲಿ ಇದನ್ನು ಬಿಡಿಸಿ ಬರೆದಿರುವುದಿಲ್ಲ. ಎಲ್ಲ ಕರಗಳನ್ನೂ ಕೂಡಿಸಿ ಒಂದೇ ಮೊತ್ತ ಹಾಕಿರುತ್ತಾರೆ. ಆದರೂ ಆ ಮೊತ್ತದ ಒಳಗೆ ಈ 3 ರೂಪಾಯಿ ಇದೆ.

ಅಂದರೆ ನೆಲೆ ಇಲ್ಲದವರ ಸಲುವಾಗಿ ನಾವು ವರ್ಷಾ ವರ್ಷ ಹಣ ಕೊಡುತ್ತಾ ಬಂದಿದ್ದೇವೆ. ನಮಗೆ ಗೊತ್ತಿರಲಿಲ್ಲ, ಅಷ್ಟೆ. ಕೊಟ್ಟವರು ಲೆಕ್ಕ ಕೇಳಬಹುದು. ಆ ಹಣ ಎಲ್ಲಿಗೆ ಹೋಗುತ್ತದೆ? ಎಲ್ಲಿಗೆ ಹೋಗಬೇಕು? ಈ ಪಾಠದಲ್ಲಿ ಅದನ್ನು ತಿಳಿಯೋಣ.

ದೊಡ್ಡ ಕಟ್ಟಡ

ನಮ್ಮ ರಾಜ್ಯದಲ್ಲಿ 1975ರಲ್ಲಿ ಒಂದು ಕಾನೂನು ಬಂತು. ಭಿಕ್ಷೆ ಬೇಡುವುದನ್ನು ತಡೆಯುವ ಕಾನೂನು. ಅದರ ಪ್ರಕಾರ ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸೇರಿಸುತ್ತಾರೆ. ಬೆಂಗಳೂರಿನಲ್ಲಿ ಮಾಗಡಿ ರಸ್ತೆಯಲ್ಲಿ ದೊಡ್ಡ ಕೇಂದ್ರ ಇದೆ. ಬೇರೆ ಕೆಲವು ಜಿಲ್ಲೆಗಳಲ್ಲೂ ಇವೆ. ನಮ್ಮ 3 ರೂಪಾಯಿ ಇವುಗಳಿಗೆ.

ಅಲ್ಲಿ ಊಟ ಇದೆ, ಬಟ್ಟೆ ಇದೆ, ಮಲಗಲು ಜಾಗ ಇದೆ. ಒಪ್ಪೋಣ. ಆದರೆ 2010ರ ಆಗಸ್ಟ್ ತಿಂಗಳಲ್ಲಿ ಏನಾಯಿತು? ಬೆಂಗಳೂರಿನ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವು ಜನ ಸತ್ತರು. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ವಿಧಾನಸೌಧದಲ್ಲೂ ಗದ್ದಲ ಆಯಿತು. ನೂರಾರು ಜನರನ್ನು ಒಂದೇ ಕಡೆ ತುಂಬಿದರೆ, ಅದರಲ್ಲಿ ವಯಸ್ಸಾದವರು, ಕಾಯಿಲೆಯವರು, ಮನಸ್ಸು ಸರಿ ಇಲ್ಲದವರು ಎಲ್ಲರೂ ಇದ್ದರೆ, ಒಬ್ಬೊಬ್ಬರನ್ನೂ ನೋಡಿಕೊಳ್ಳುವುದು ಕಷ್ಟ. ಯಾರಿಗೆ ಜ್ವರ ಬಂತು, ಯಾರು ಎರಡು ದಿನದಿಂದ ಉಂಡಿಲ್ಲ ಎಂದು ಗೊತ್ತಾಗುವುದೇ ಇಲ್ಲ.

ಅಲ್ಲದೆ ನೆಲೆ ಇಲ್ಲದವರೆಲ್ಲ ಭಿಕ್ಷುಕರಲ್ಲ. ಭಿಕ್ಷೆ ಬೇಡುವುದೂ ಅವರ ಇಷ್ಟವಲ್ಲ.

ಬೀದಿಗೆ ಬಂದದ್ದು ಹೇಗೆ?

2011ರ ಜನಗಣತಿಯಲ್ಲಿ ಮನೆ ಇಲ್ಲದವರನ್ನೂ ಎಣಿಸಿದರು. ಇಡೀ ದೇಶದಲ್ಲಿ ಸುಮಾರು 17 ಲಕ್ಷ 70 ಸಾವಿರ ಜನ. ನಮ್ಮ ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು. ರಾತ್ರಿ ಹೊತ್ತು ಫುಟ್‌ಪಾತು, ಸೇತುವೆ ಕೆಳಗೆ, ರೈಲು ನಿಲ್ದಾಣ, ದೇವಸ್ಥಾನದ ಜಗಲಿ, ಹೀಗೆ ಮಲಗುವವರ ಲೆಕ್ಕ ಇದು. ಅಲೆಯುವವರನ್ನು ಪೂರ್ತಿ ಎಣಿಸುವುದು ಯಾರಿಗೂ ಸುಲಭವಲ್ಲ. ಅದೇ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13 ಲಕ್ಷ ದಾಟಿತ್ತು.

ಈ ಎರಡು ಸಂಖ್ಯೆಗಳು ಎಲ್ಲಿ ಕೂಡುತ್ತವೆ ಎಂದು ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ತಾಲ್ಲೂಕಿನ ಬಸ್ ನಿಲ್ದಾಣಕ್ಕೆ ಹೋದರೆ ಸಾಕು. ಮೂಲೆಯಲ್ಲಿ ಗಂಟು ಇಟ್ಟುಕೊಂಡು ಕೂತವರು ಒಬ್ಬರಾದರೂ ಇರುತ್ತಾರೆ. ಕಾಲು ಇಲ್ಲದವರು ಇರಬಹುದು. ಕಣ್ಣು ಕಾಣದವರು ಇರಬಹುದು. ತನ್ನಷ್ಟಕ್ಕೆ ಮಾತನಾಡುವ ಹೆಂಗಸು ಇರಬಹುದು. ಅವರಿಗೆ ನಾವು ಏನೆಂದು ಹೆಸರಿಟ್ಟಿದ್ದೇವೆ? ಕುಂಟಿ. ಕುರುಡ. ಹುಚ್ಚಿ. ಅವ್ವ ಅಪ್ಪ ತೊಟ್ಟಿಲಿಗೆ ಹಾಕಿ ಇಟ್ಟ ಹೆಸರು ಹೋಗಿಯೇ ಬಿಟ್ಟಿತು.

ಬೀದಿಗೆ ಬರುವ ದಾರಿ ಹೆಚ್ಚಾಗಿ ಹೀಗಿರುತ್ತದೆ. ಒಬ್ಬ ಹೆಂಗಸಿಗೆ ಹೆರಿಗೆ ಆದ ಮೇಲೆ ಮನಸ್ಸಿನ ಕಾಯಿಲೆ ಬರುತ್ತದೆ. "ಗಾಳಿ ಸೋಕಿದೆ" ಎಂದು ತಾಯತ ಕಟ್ಟುತ್ತಾರೆ. ವಾಸಿ ಆಗುವುದಿಲ್ಲ. ಗಂಡ ತವರಿಗೆ ಬಿಟ್ಟು ಬರುತ್ತಾನೆ. ತವರಿನಲ್ಲಿ ಅಪ್ಪ ಅವ್ವ ಇರುವ ತನಕ ಸರಿ. ಅವರು ಹೋದ ಮೇಲೆ ಅಣ್ಣ ಅತ್ತಿಗೆಗೆ ಭಾರ. ಒಂದು ದಿನ ಆಕೆ ಮನೆ ಬಿಡುತ್ತಾಳೆ. ಇಲ್ಲವೇ ಯಾರೋ ಬಸ್ಸು ಹತ್ತಿಸುತ್ತಾರೆ. ಇಳಿದ ಊರಿನಲ್ಲಿ ಆಕೆಯ ಭಾಷೆಯೇ ಬೇರೆ ಇರಬಹುದು. ರಾತ್ರಿ ಹೊತ್ತು ಆಕೆಗೆ ಏನೇನು ಆಗುತ್ತದೆ ಎಂಬುದನ್ನು ಹೆಂಗಸರಾದ ನಾವು ಒಬ್ಬರಿಗೊಬ್ಬರು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಗಂಟು ಇದೆ. ಮನೆ ಇಲ್ಲ ಅಂದರೆ ವಿಳಾಸ ಇಲ್ಲ. ವಿಳಾಸ ಇಲ್ಲ ಅಂದರೆ ರೇಷನ್ ಕಾರ್ಡು ಇಲ್ಲ, ಆಧಾರ್ ಇಲ್ಲ. ಕಾರ್ಡು ಇಲ್ಲದೆ ಪಿಂಚಣಿ ಇಲ್ಲ. ಪಿಂಚಣಿ ಇಲ್ಲದೆ ಬಾಡಿಗೆ ಕೊಡುವುದು ಎಲ್ಲಿಂದ? ಬಾಡಿಗೆ ಇಲ್ಲದೆ ಮನೆ ಇಲ್ಲ. ಎತ್ತು ಗಾಣ ಸುತ್ತಿದ ಹಾಗೆ ಸುತ್ತುತ್ತಲೇ ಇರಬೇಕು.

ರಾತ್ರಿಯ ಸೂರು

2009ರ ಡಿಸೆಂಬರ್ ಚಳಿಯಲ್ಲಿ ದೆಹಲಿಯ ಪೂಸಾ ರಸ್ತೆಯಲ್ಲಿದ್ದ ಒಂದು ತಾತ್ಕಾಲಿಕ ಆಸರೆಯನ್ನು ಕೆಡವಿದರು. ಅಲ್ಲಿ ಮಲಗುತ್ತಿದ್ದವರು ಬಯಲಿಗೆ ಬಿದ್ದರು. ಈ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2010ರಲ್ಲಿ ಕೋರ್ಟು ಹೇಳಿತು: ದೊಡ್ಡ ನಗರಗಳಲ್ಲಿ 1 ಲಕ್ಷ ಜನಕ್ಕೆ 1ರಂತೆ ಆಸರೆ ಕಟ್ಟಡ ಇರಬೇಕು. ಹಗಲೂ ರಾತ್ರಿ ತೆರೆದಿರಬೇಕು.

2013ರಲ್ಲಿ ಕೇಂದ್ರ ಸರ್ಕಾರ ನಗರ ಜೀವನೋಪಾಯ ಅಭಿಯಾನದ ಕೆಳಗೆ ಇದಕ್ಕೆ ಒಂದು ಯೋಜನೆ ಮಾಡಿತು. ಕಟ್ಟುವ ಖರ್ಚಿನಲ್ಲಿ ದೊಡ್ಡ ಪಾಲು ಕೇಂದ್ರದ್ದು, ಉಳಿದದ್ದು ರಾಜ್ಯದ್ದು. ಒಬ್ಬರಿಗೆ 50 ಚದರ ಅಡಿ ಜಾಗ ಕೊಡಬೇಕು ಎಂದು ನಿಯಮ. ಅಂದರೆ 10 ಅಡಿ ಉದ್ದ, 5 ಅಡಿ ಅಗಲ. ನೀರು, ಕಕ್ಕಸು, ಬಚ್ಚಲು, ದೀಪ, ಸಾಮಾನು ಇಡಲು ಬೀಗದ ಪೆಟ್ಟಿಗೆ ಇರಬೇಕು. ಹೆಂಗಸರಿಗೆ ಬೇರೆ ಆಸರೆ. ಮುದುಕರಿಗೆ, ಮಾನಸಿಕ ಕಾಯಿಲೆ ಇರುವವರಿಗೆ, ಆಸ್ಪತ್ರೆಯಿಂದ ಬಂದು ಚೇತರಿಸಿಕೊಳ್ಳುವವರಿಗೆ ವಿಶೇಷ ಆಸರೆ ಎಂದೂ ಬರೆದಿತ್ತು. ಆ ಅಭಿಯಾನ 2024ರ ಸೆಪ್ಟೆಂಬರ್ ತನಕ ನಡೆಯಿತು.

ಚಳಿ ಮಳೆಗೆ ಸಾಯದೆ ಉಳಿಯಲು ಇಂಥ ಸೂರು ಬೇಕೇ ಬೇಕು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಕಾಲಿಲ್ಲದವರಿಗೆ ಮೆಟ್ಟಿಲು ಅಡ್ಡ. ಕಣ್ಣು ಕಾಣದವರಿಗೆ ಕಕ್ಕಸಿನ ದಾರಿ ತೋರಿಸಲು ಒಬ್ಬರು ಬೇಕು. ಮಾತ್ರೆ ತೆಗೆದುಕೊಳ್ಳಬೇಕಾದವರಿಗೆ "ಉಂಡೆಯಾ? ಮಾತ್ರೆ ನುಂಗಿದೆಯಾ?" ಎಂದು ಕೇಳುವ ಬಾಯಿ ಬೇಕು. ರಾತ್ರಿಯ ಸೂರಿನಲ್ಲಿ ಇದೆಲ್ಲ ಯಾರು ಮಾಡುತ್ತಾರೆ?

ಇಲ್ಲಿಯೇ ಸೂರು ಬೇರೆ, ಆಸರೆ ಬೇರೆ ಎಂಬುದು ತಿಳಿಯುವುದು. ಗೋಡೆ ಮತ್ತು ಹೆಂಚು ಸೂರು. ಕೈ ಹಿಡಿಯುವ ಒಬ್ಬ ಮನುಷ್ಯ ಆಸರೆ. ಅಂಗವಿಕಲರಿಗೆ ಎರಡೂ ಒಟ್ಟಿಗೆ ಬೇಕು. ಇಂಥ ಮನೆಯನ್ನು ನಾವು ಆಸರೆಯ ಮನೆ ಎಂದು ಕರೆಯೋಣ.

ಚೆನ್ನೈನ ಮನೆಗಳು

ಆಸರೆಯ ಮನೆ ಹೇಗಿರುತ್ತದೆ? ಪಕ್ಕದ ತಮಿಳುನಾಡಿನಲ್ಲಿ ನೋಡಬಹುದು.

1993ರಲ್ಲಿ ಚೆನ್ನೈನಲ್ಲಿ ವಂದನಾ ಗೋಪಿಕುಮಾರ್, ವೈಷ್ಣವಿ ಜಯಕುಮಾರ್ ಎಂಬ ಇಬ್ಬರು ಯುವತಿಯರು ಒಂದು ಸಂಸ್ಥೆ ಶುರು ಮಾಡಿದರು. ಹೆಸರು 'ದಿ ಬ್ಯಾನಿಯನ್'. ಬ್ಯಾನಿಯನ್ ಎಂದರೆ ಆಲದ ಮರ. ಬೀದಿಯಲ್ಲಿ ಅಲೆಯುವ ಮಾನಸಿಕ ಕಾಯಿಲೆಯ ಹೆಂಗಸರನ್ನು ಕರೆತಂದು ಚಿಕಿತ್ಸೆ ಕೊಡಿಸುವುದು ಅವರ ಕೆಲಸ. ಹುಷಾರಾದ ಮೇಲೆ ಮನೆ ಹುಡುಕಿ ಊರಿಗೆ ಕಳಿಸುತ್ತಿದ್ದರು. ತುಂಬಾ ಜನ ಹಾಗೆ ಊರು ಸೇರಿದರು. ಆದರೆ ಎಲ್ಲರೂ ಅಲ್ಲ. ಕೆಲವರ ಊರು ಸಿಗಲಿಲ್ಲ. ಕೆಲವರ ಮನೆಯವರು ಬಾಗಿಲು ತೆಗೆಯಲಿಲ್ಲ. ಕೆಲವು ಹೆಂಗಸರು ತಾವೇ "ನಾನು ಆ ಮನೆಗೆ ಹೋಗೋದಿಲ್ಲ" ಎಂದರು. ಹೋಗೋದಿಲ್ಲ ಎನ್ನಲು ಅವರಿಗೆ ಕಾರಣ ಇರುತ್ತದೆ. ಅಂಥವರು ವರ್ಷಗಟ್ಟಲೆ ಸಂಸ್ಥೆಯಲ್ಲೇ ಉಳಿದರು.

ಕಾಯಿಲೆ ಹತೋಟಿಗೆ ಬಂದಿದೆ. ಆದರೂ ಆಸ್ಪತ್ರೆಯಲ್ಲೇ ಜೀವ ಕಳೆಯಬೇಕು. ಇದು ಸರಿಯೇ?

2015ರ ಹೊತ್ತಿಗೆ ಅವರು ಹೊಸದೊಂದು ದಾರಿ ಹಿಡಿದರು. 'ಹೋಮ್ ಅಗೇನ್' ಎಂದು ಅದರ ಹೆಸರು. ಮತ್ತೆ ಮನೆ ಎಂದು ಅರ್ಥ. ಊರೊಳಗೆ, ಎಲ್ಲರ ಮನೆಗಳ ನಡುವೆ, ಒಂದು ಸಾಮಾನ್ಯ ಮನೆಯನ್ನು ಬಾಡಿಗೆಗೆ ಹಿಡಿದರು. 4-5 ಜನ ಹೆಂಗಸರು ಅಲ್ಲಿ ಒಟ್ಟಿಗೆ ಇರುತ್ತಾರೆ. ಯಾರ ಜೊತೆ ಇರಬೇಕು ಎಂಬುದು ಅವರ ಆಯ್ಕೆ. ಮನೆಗೆ ಬೋರ್ಡು ಇಲ್ಲ, ಗೇಟಿನಲ್ಲಿ ಕಾವಲುಗಾರ ಇಲ್ಲ. ಅಡಿಗೆ ತಾವೇ ಮಾಡುತ್ತಾರೆ. ಸಾಮಾನಿಗೆ ಅಂಗಡಿಗೆ ಹೋಗುತ್ತಾರೆ. ಆಗುವವರು ಕೆಲಸಕ್ಕೆ ಹೋಗುತ್ತಾರೆ. ಹಬ್ಬ ಮಾಡುತ್ತಾರೆ. ಜಗಳವನ್ನೂ ಆಡುತ್ತಾರೆ, ಮನೆ ಅಂದ ಮೇಲೆ ಜಗಳ ಇಲ್ಲದೆ ಇರುತ್ತದೆಯೇ?

ಅವರ ಜೊತೆ ಒಬ್ಬ ಸಹಾಯಕಿ ಇರುತ್ತಾಳೆ. ಆಕೆ ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಹೆಚ್ಚಾಗಿ ಅಕ್ಕಪಕ್ಕದ ಊರಿನ ಸಾಮಾನ್ಯ ಹೆಂಗಸು. ನಮ್ಮಂಥವರೇ. ತರಬೇತಿ ಪಡೆದು ಬರುತ್ತಾಳೆ. ಸ್ನಾನಕ್ಕೆ ಕೈ ಬೇಕಾದವರಿಗೆ ಕೈ ಕೊಡುತ್ತಾಳೆ. ಮಾತ್ರೆ ನೆನಪಿಸುತ್ತಾಳೆ. ಆಸ್ಪತ್ರೆಗೆ, ಬ್ಯಾಂಕಿಗೆ ಜೊತೆಗೆ ಹೋಗುತ್ತಾಳೆ. ಇದಕ್ಕೆ ಆಕೆಗೆ ಸಂಬಳ ಇದೆ. ಮನೆಯಲ್ಲಿ ಅತ್ತೆಯನ್ನು, ಅಂಗವಿಕಲ ಮಗುವನ್ನು ನಾವು ಬಿಟ್ಟಿ ನೋಡಿಕೊಳ್ಳುತ್ತೇವಲ್ಲ, ಅದೂ ಒಂದು ಕೆಲಸ, ಅದಕ್ಕೂ ಬೆಲೆ ಉಂಟು ಎಂದು ಇಲ್ಲಿ ಕಣ್ಣಾರೆ ಕಾಣುತ್ತದೆ.

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬೇರೆ ಬೇರೆ ದೇಶಗಳ ಒಳ್ಳೆಯ ಮಾದರಿಗಳನ್ನು ಆರಿಸಿ ಒಂದು ದೊಡ್ಡ ಪುಸ್ತಕ ಮಾಡಿತು. ಅದರಲ್ಲಿ ಚೆನ್ನೈನ ಈ ಮನೆಗಳೂ ಇವೆ.

"ನಮ್ಮ ಪಕ್ಕದ ಮನೇಲಿ ಅಂಥವರು ಬಂದು ಇದ್ರೆ? ಮಕ್ಕಳು ಮರಿ ಇರ್ತಾವೆ" ಎಂದು ತರಗತಿಯಲ್ಲಿ ಒಬ್ಬರು ಕೇಳಿದರು. ಮನಸ್ಸಿನಲ್ಲಿ ಇದ್ದದ್ದನ್ನು ಕೇಳಿದ್ದೇ ಒಳ್ಳೆಯದು. ನಾವು ಕೇಳಿದೆವು, "ನಮ್ಮ ಊರಿನಲ್ಲಿ ಮಕ್ಕಳನ್ನು ಹೊಡೆಯುವವರು, ಹೆಂಗಸರ ಮೇಲೆ ಕೈ ಮಾಡುವವರು ಯಾರು? ಮನಸ್ಸಿನ ಕಾಯಿಲೆ ಇರುವವರಾ, ಕುಡಿದು ಬರುವವರಾ?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಾತ್ರೆ ತೆಗೆದುಕೊಂಡು, ಹೊಟ್ಟೆ ತುಂಬಾ ಉಂಡು, ರಾತ್ರಿ ನಿದ್ದೆ ಮಾಡುವವರಿಂದ ಯಾರಿಗೂ ಭಯ ಇಲ್ಲ. ಬೀದಿಯಲ್ಲಿ ಬಿಟ್ಟರೇ ಕಾಯಿಲೆ ಹೆಚ್ಚುವುದು.

ಖರ್ಚು ಯಾರದು?

ಈಗ ಲೆಕ್ಕಕ್ಕೆ ಬರೋಣ. ಆಸರೆಯ ಮನೆಗೆ ಏನೇನು ಖರ್ಚು? ಬಾಡಿಗೆ, ದಿನಸಿ, ಗ್ಯಾಸು, ಕರೆಂಟು. ಔಷಧ. ಸಹಾಯಕಿಯ ಸಂಬಳ. ಇವೆಲ್ಲ ತಿಂಗಳು ತಿಂಗಳು ಬೇಕು. ಒಂದು ತಿಂಗಳು ತಪ್ಪಿದರೂ ಮನೆ ನಿಲ್ಲುತ್ತದೆ.

ಕಟ್ಟಡ ಕಟ್ಟಲು ಒಂದು ಸಲ ಹಣ ಸಾಕು. ಕಟ್ಟಡವನ್ನು ಉದ್ಘಾಟನೆ ಮಾಡಬಹುದು. ಟೇಪು ಕತ್ತರಿಸಬಹುದು, ಕಲ್ಲಿನಲ್ಲಿ ಹೆಸರು ಕೆತ್ತಿಸಬಹುದು. ಸಹಾಯಕಿಯ ಸಂಬಳವನ್ನು ಉದ್ಘಾಟನೆ ಮಾಡುವವರು ಯಾರು? ಸರ್ಕಾರದ ಹಣ ಗೋಡೆಗೆ ಬೇಗ ಸಿಗುತ್ತದೆ, ಕೈಗಳಿಗೆ ತಡ ಎಂದು ನಮಗೆ ಅನ್ನಿಸುವುದು ಇದಕ್ಕೇ. ದಾನಿಗಳ ಹಣದಿಂದ ಹತ್ತು ಮನೆ ನಡೆಸಬಹುದು. ಸಾವಿರ ಮನೆ ನಡೆಸಲು ಸರ್ಕಾರವೇ ಬೇಕು.

"ನಮಗೇ ಮನೆ ಸೋರ್ತದೆ. ಅವರಿಗೆ ಇಷ್ಟೆಲ್ಲ ಯಾಕೆ?" ಎಂದೂ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಇದಕ್ಕೆ ಕೆನಡಾ ದೇಶದ ಒಂದು ಲೆಕ್ಕ ನೋಡೋಣ. ಕೆನಡಾ ಶ್ರೀಮಂತ ದೇಶ. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಅಲ್ಲೂ ಬೀದಿಯಲ್ಲಿ ಮಲಗುವವರು ಇದ್ದಾರೆ.

2008ರಲ್ಲಿ ಅಲ್ಲಿಯ ಕೇಂದ್ರ ಸರ್ಕಾರ 11 ಕೋಟಿ ಡಾಲರ್ ತೆಗೆದಿಟ್ಟಿತು. ಡಾಲರ್ ಎಂದರೆ ಅವರ ರೂಪಾಯಿ. 5 ನಗರಗಳಲ್ಲಿ 2,000ಕ್ಕೂ ಹೆಚ್ಚು ಜನರನ್ನು ಆರಿಸಿದರು. ಎಲ್ಲರೂ ಮನೆ ಇಲ್ಲದವರು, ಮಾನಸಿಕ ಕಾಯಿಲೆ ಇದ್ದವರು. ಅವರಲ್ಲಿ ಒಂದು ಗುಂಪಿಗೆ ಮೊದಲು ಮನೆ ಕೊಟ್ಟರು. "ಕುಡಿಯೋದು ಬಿಡು, ಆಮೇಲೆ ಮನೆ" ಎನ್ನಲಿಲ್ಲ. "ಮೊದಲು ವಾಸಿಯಾಗು" ಎನ್ನಲಿಲ್ಲ. ಮನೆ ಕೊಟ್ಟು, ಜೊತೆಗೆ ನೋಡಿಕೊಳ್ಳುವವರನ್ನೂ ಕೊಟ್ಟರು. ಬಾಡಿಗೆಯಲ್ಲಿ ಒಂದು ಪಾಲು ಅವರೇ ಕೊಡಬೇಕು. ಅವರ ಆದಾಯ 100 ಇದ್ದರೆ ಹೆಚ್ಚೆಂದರೆ 30. ಉಳಿದದ್ದು ಯೋಜನೆಯದು. ಇನ್ನೊಂದು ಗುಂಪಿಗೆ ಮೊದಲಿನಿಂದ ಇದ್ದ ಸಹಾಯ ಮಾತ್ರ.

2013ರ ತನಕ ನೋಡಿದರು. ಮನೆ ಸಿಕ್ಕ ಗುಂಪಿನವರು 100 ದಿನದಲ್ಲಿ 73 ದಿನ ನೆಲೆಯಾಗಿ ಮನೆಯಲ್ಲಿ ಇದ್ದರು. ಇನ್ನೊಂದು ಗುಂಪಿನವರು 100ರಲ್ಲಿ 32 ದಿನ.

ಹಣದ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಬೀದಿಯಲ್ಲಿ ಇರುವವರಿಗೂ ಸರ್ಕಾರಕ್ಕೆ ಖರ್ಚು ಇದೆ. ಆಂಬುಲೆನ್ಸು, ಆಸ್ಪತ್ರೆ, ಪೊಲೀಸು, ಜೈಲು, ರಾತ್ರಿಯ ಸೂರು. ಮನೆ ಸಿಕ್ಕಾಗ ಈ ಖರ್ಚು ಇಳಿಯಿತು. ಹೆಚ್ಚು ಆರೈಕೆ ಬೇಕಾದವರಿಗೆ 10 ಡಾಲರ್ ಖರ್ಚು ಮಾಡಿದರೆ, ಬೇರೆ ಕಡೆ 9 ಡಾಲರ್ 60 ಸೆಂಟ್ ಉಳಿಯಿತು. ಡಾಲರಿಗೆ 100 ಸೆಂಟ್. ಅಂದರೆ ಕೈಯಿಂದ ಹೋದದ್ದು 40 ಸೆಂಟ್ ಮಾತ್ರ. ಸ್ವಲ್ಪ ಕಡಿಮೆ ಆರೈಕೆ ಸಾಕಾದವರಲ್ಲಿ ಅಷ್ಟು ಉಳಿಯಲಿಲ್ಲ. 10ಕ್ಕೆ 3 ಡಾಲರ್ 42 ಸೆಂಟ್ ಉಳಿಯಿತು. ಎಲ್ಲರ ಮನೆಯೂ ಪುಕ್ಕಟೆ ಆಯಿತು ಎಂದು ನಾವು ಹೇಳುವುದಿಲ್ಲ. ಆದರೆ ಬೀದಿಯಲ್ಲಿ ಬಿಡುವುದೂ ಪುಕ್ಕಟೆ ಅಲ್ಲ.

ನಮ್ಮ ದೇಶದ ಲೆಕ್ಕ ಬೇರೆ ಇರುತ್ತದೆ. ಇಲ್ಲಿ ಬೀದಿಯಲ್ಲಿ ಬಿದ್ದವರನ್ನು ಆಂಬುಲೆನ್ಸಿನವರೂ ಎಷ್ಟೋ ಸಲ ನೋಡುವುದಿಲ್ಲ. ನೋಡದೆ ಇದ್ದರೆ ಖರ್ಚು ಕಡಿಮೆ, ನಿಜ.

ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ ಎರಡು ಒಳ್ಳೆಯ ಕಾನೂನುಗಳಿವೆ. ಹೆಸರು ಉದ್ದ ಇದೆ. ನಿಧಾನವಾಗಿ ಓದಿ.

ಮೊದಲನೆಯದು, ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016. ಇದರಲ್ಲಿ 21 ಬಗೆಯ ಅಂಗವಿಕಲತೆ ಸೇರಿದೆ. ಮಾನಸಿಕ ಕಾಯಿಲೆಯೂ ಅದರಲ್ಲಿ ಒಂದು. ಅಂಗವಿಕಲರಿಗೆ ಎಲ್ಲರ ನಡುವೆ ಬದುಕುವ ಹಕ್ಕು ಇದೆ ಎಂದು ಇದು ಹೇಳುತ್ತದೆ. ಇಂಥ ಕಡೆಯೇ ಇರಬೇಕು ಎಂದು ಅವರನ್ನು ಒತ್ತಾಯ ಮಾಡುವಂತಿಲ್ಲ. ಮನೆಯವರು ಕೈಬಿಟ್ಟವರಿಗೆ, ಸೂರು ಇಲ್ಲದವರಿಗೆ ಸರ್ಕಾರ ಅನುಕೂಲ ಮಾಡಬೇಕು. ಸಹಾಯದ ಯೋಜನೆಗಳಲ್ಲಿ ಬೇರೆಯವರಿಗೆ 100 ರೂಪಾಯಿ ಸಿಕ್ಕಿದರೆ, ಅಂಥದೇ ಯೋಜನೆಯಲ್ಲಿ ಅಂಗವಿಕಲರಿಗೆ ಕನಿಷ್ಠ 125 ಸಿಗಬೇಕು. ಸರ್ಕಾರ ಮನೆ ಹಂಚುವಾಗ 100ರಲ್ಲಿ 5 ಮನೆ ಅಂಗವಿಕಲರಿಗೆ. ಅದರಲ್ಲೂ ಹೆಂಗಸರಿಗೆ ಆದ್ಯತೆ. ಈ ಮೀಸಲಾತಿಗೆ ಅಂಗವಿಕಲತೆ 100ಕ್ಕೆ 40 ಅಥವಾ ಹೆಚ್ಚು ಇದೆ ಎಂಬ ಪ್ರಮಾಣ ಪತ್ರ ಬೇಕು.

ಲೆಕ್ಕ ಮಾಡಿ ನೋಡಿ. ನಿಮ್ಮ ಪಂಚಾಯಿತಿಗೆ 40 ಮನೆ ಬಂದರೆ ಅಂಗವಿಕಲರ ಪಾಲು ಎಷ್ಟು? 20 ಮನೆ ಬಂದರೆ ಎಷ್ಟು?

ಎರಡನೆಯದು, ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017. ಮನೆ ಇಲ್ಲ, ಮನೆಯವರು ಒಪ್ಪುವುದಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಂಡೇ ಇರಬಾರದು ಎಂದು ಇದರಲ್ಲಿದೆ. ಆಸ್ಪತ್ರೆಗೂ ಮನೆಗೂ ನಡುವಿನ ಮನೆಗಳನ್ನು, ಆಸರೆಯ ಮನೆಗಳನ್ನು ಸರ್ಕಾರವೇ ಒದಗಿಸಬೇಕು. ಹಾಗಾದರೆ ಇದು ಯಾರೋ ಪುಣ್ಯಾತ್ಮರು ಮಾಡುವ ದಾನ ಅಲ್ಲ. ಸರ್ಕಾರದ ಕೆಲಸ. ಕಾನೂನು ಬಂದು ಇಷ್ಟು ವರ್ಷ ಆಯಿತು. ಮನೆಗಳು ಮಾತ್ರ ಬೆರಳೆಣಿಕೆ.

ಬೀದಿಯಲ್ಲಿ ಅಲೆಯುವ ಮಾನಸಿಕ ಕಾಯಿಲೆಯವರು ಕಂಡರೆ ಏನು ಮಾಡಬೇಕು? ಅದನ್ನೂ ಇದೇ ಕಾನೂನು ಹೇಳಿದೆ. ಪೊಲೀಸು ಠಾಣೆಗೆ ತಿಳಿಸಬೇಕು. ತಮ್ಮನ್ನು ತಾವು ನೋಡಿಕೊಳ್ಳಲು ಆಗದವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. 24 ಗಂಟೆಯ ಒಳಗೆ ಸರ್ಕಾರಿ ಆಸ್ಪತ್ರೆಗೆ ತೋರಿಸಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ, ಜೈಲಿಗೆ ಹಾಕುವಂತಿಲ್ಲ. ಮನೆಯವರನ್ನು ಹುಡುಕಬೇಕು. "ಲಾರಿ ಹತ್ತಿಸಿ ಪಕ್ಕದ ಜಿಲ್ಲೆಗೆ ಬಿಟ್ಟು ಬನ್ನಿ" ಎಂದು ಯಾರಾದರೂ ಹೇಳಿದರೆ, ಹೇಳಿದವರು ಯಾರೇ ಆಗಲಿ, ಅದು ತಪ್ಪು.

ಸಲಹೆ ಬೇಕಾದರೆ 14416ಕ್ಕೆ ಫೋನ್ ಮಾಡಬಹುದು. ಇದು ಟೆಲಿ ಮನಸ್. 2022ರಲ್ಲಿ ಶುರುವಾಯಿತು. ಹಗಲೂ ರಾತ್ರಿ ಇರುತ್ತದೆ. ಕನ್ನಡದಲ್ಲಿ ಮಾತನಾಡಬಹುದು. ಹಣ ಇಲ್ಲ.

ಒಬ್ಬ ತಾಯಿಯ ಪ್ರಶ್ನೆ

ಇದೆಲ್ಲ ಓದಿ ಮುಗಿಸಿದಾಗ ಹಿಂದೆ ಕೂತಿದ್ದ ಒಬ್ಬ ತಾಯಿ ಎದ್ದು ನಿಂತರು. ಅವರ ಮಗನಿಗೆ 28 ವರ್ಷ. ಬುದ್ಧಿ ಬೆಳವಣಿಗೆ ಚಿಕ್ಕ ಮಗುವಿನಷ್ಟು. "ನಾನಿರೋ ತನಕ ಅವನಿಗೆ ತುತ್ತು ಕೊಡ್ತೀನಿ. ನಾನು ಸತ್ತ ಮಾರನೇ ದಿನ ಅವನು ಎಲ್ಲಿ ಮಲಗ್ತಾನೆ?" ಎಂದರು.

ಬಸ್ ನಿಲ್ದಾಣದ ಮೂಲೆಯಲ್ಲಿ ಕೂತವರಿಗೂ ಒಬ್ಬ ತಾಯಿ ಇದ್ದಳು. ಅವಳೂ ಇದನ್ನೇ ಕೇಳಿಕೊಂಡಿರಬೇಕು.

ಈ ತಾಯಿಗೆ ನಾವು ಮೂರು ವಿಷಯ ಹೇಳಿದೆವು. ಬುದ್ಧಿಮಾಂದ್ಯತೆ, ಆಟಿಸಂ, ಮೆದುಳಿನ ಪಾರ್ಶ್ವವಾಯು, ಬಹುವಿಧ ಅಂಗವಿಕಲತೆ ಇರುವವರಿಗಾಗಿ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಕಾಯ್ದೆ ಆಗಿದೆ. ಅದರ ಪ್ರಕಾರ 18 ವರ್ಷ ದಾಟಿದವರಿಗೆ ಕಾನೂನು ಪ್ರಕಾರ ಪೋಷಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿಗಳು ಇರುವ ಸಮಿತಿ ಇದನ್ನು ಮಾಡುತ್ತದೆ. ತಾಯಿ ಬದುಕಿರುವಾಗಲೇ ಇದನ್ನು ಮಾಡಿಸಿಡಬೇಕು. ಎರಡನೆಯದು, ಅದೇ ಟ್ರಸ್ಟಿನ ಹಣದಿಂದ ಕೆಲವು ಸಂಸ್ಥೆಗಳು ಇಂಥವರಿಗೆ ವಸತಿ ನಡೆಸುತ್ತವೆ. ಎಲ್ಲ ಜಿಲ್ಲೆಯಲ್ಲೂ ಇಲ್ಲ. ಜಾಗವೂ ಕಡಿಮೆ. ಜಿಲ್ಲೆಯ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಬೇಕು. ಮೂರನೆಯದು, ಮಗನ ಹೆಸರಿನಲ್ಲಿ ಕಾಗದಪತ್ರ ಈಗಲೇ ಇರಬೇಕು. ಆಧಾರ್, ಯು.ಡಿ.ಐ.ಡಿ. ಎಂಬ ಅಂಗವಿಕಲರ ಗುರುತಿನ ಚೀಟಿ, ಬ್ಯಾಂಕ್ ಪುಸ್ತಕ, ಪಿಂಚಣಿ. ಬಡವರ ಮನೆಯ, ಅಂಗವಿಕಲತೆ 100ಕ್ಕೆ 80 ಅಥವಾ ಹೆಚ್ಚು ಇರುವವರಿಗೆ ಕೇಂದ್ರ ಸರ್ಕಾರ ಕೊಡುವ ಪಿಂಚಣಿ ತಿಂಗಳಿಗೆ 300 ರೂಪಾಯಿ. ಇದಕ್ಕೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. 300 ರೂಪಾಯಿಗೆ ಇವತ್ತು ಏನು ಬರುತ್ತದೆ ಎಂದು ಸಂತೆಗೆ ಹೋಗುವ ನಮಗೆ ಗೊತ್ತು. ದಿಲ್ಲಿಯಲ್ಲಿ ಕೂತವರಿಗೆ ಗೊತ್ತಿಲ್ಲವೇನೋ.

ಆ ತಾಯಿ ಕೇಳಿಸಿಕೊಂಡು, "ಬರ್ಕೊಡಿ" ಎನ್ನಲಿಲ್ಲ. ಪಾಟಿ ತೆಗೆದು ತಾವೇ ಬರೆದುಕೊಂಡರು.

ಪಂಚಾಯಿತಿಯಲ್ಲಿ ಕೇಳುವುದು

ಊರಿನ ಮಟ್ಟದಲ್ಲಿ ಮೊದಲು ಕಾಣಬೇಕಾದವರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಪಂಚಾಯಿತಿಯಲ್ಲಿ ಇವರನ್ನು ವಿ.ಆರ್.ಡಬ್ಲ್ಯು. ಎನ್ನುತ್ತಾರೆ. ಇವರೂ ಅಂಗವಿಕಲರೇ ಆಗಿರುತ್ತಾರೆ. ಪ್ರಮಾಣ ಪತ್ರ, ಗುರುತಿನ ಚೀಟಿ, ಪಿಂಚಣಿ ಅರ್ಜಿಗೆ ಇವರು ಸಹಾಯ ಮಾಡುತ್ತಾರೆ. ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ 100ಕ್ಕೆ 5 ರೂಪಾಯಿಯನ್ನು ಅಂಗವಿಕಲರಿಗೆ ಖರ್ಚು ಮಾಡಬೇಕು. ಆ ಹಣ ಎಷ್ಟು, ಯಾವುದಕ್ಕೆ ಹೋಯಿತು ಎಂದು ಗ್ರಾಮಸಭೆಯಲ್ಲಿ ಕೇಳಬಹುದು. ಮನೆ ಯಾರಿಗೆ ಎಂದು ಆರಿಸುವುದೂ ಗ್ರಾಮಸಭೆಯಲ್ಲೇ. ಅವತ್ತು ಕೂಲಿಗೆ ಹೋಗಿಬಿಟ್ಟರೆ ನಮ್ಮ ಬದಲು ಬೇರೆಯವರು ಆರಿಸುತ್ತಾರೆ.

ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತದೆ. ಬರೆದು ಕೇಳೋಣ. ಕೆಳಗಿನ ಅರ್ಜಿಯನ್ನು ಜೋರಾಗಿ ಓದಿ. ಆಮೇಲೆ ಬಿಟ್ಟ ಜಾಗ ತುಂಬಿ ನೋಟು ಪುಸ್ತಕದಲ್ಲಿ ಬರೆಯಿರಿ.

ಇವರಿಗೆ,
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
............ ಗ್ರಾಮ ಪಂಚಾಯಿತಿ.

ಮಾನ್ಯರೇ,

ನಮ್ಮ ಊರಿನ ............ ಎಂಬುವರಿಗೆ ಎರಡೂ ಕಾಲಿನ ಸ್ವಾಧೀನ ಇಲ್ಲ. ವಯಸ್ಸು ...... ವರ್ಷ. ಅವರಿಗೆ ಯಾರೂ ಇಲ್ಲ. ............ ಜಗಲಿಯ ಮೇಲೆ ಮಲಗುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ವಸತಿ ಯೋಜನೆಯಲ್ಲಿ ಅಂಗವಿಕಲರಿಗೆ 100ಕ್ಕೆ 5 ಪಾಲು ಇದೆ. ಈ ವರ್ಷದ ಪಟ್ಟಿಯಲ್ಲಿ ಇವರ ಹೆಸರು ಸೇರಿಸಬೇಕು. ಮನೆ ಆಗುವ ತನಕ ಇರಲು ಜಾಗ ಮಾಡಿಕೊಡಬೇಕು. ಅಂಗವಿಕಲರ ಪಾಲಿನ ಹಣದಲ್ಲಿ ಇವರಿಗೆ ಏನು ಸಹಾಯ ಮಾಡುತ್ತೀರಿ ಎಂದು ಬರೆದು ತಿಳಿಸಬೇಕು.

ಇಂತಿ,
............ ಸ್ವಸಹಾಯ ಸಂಘದ ಸದಸ್ಯರು.
ದಿನಾಂಕ: ............

ಕೆಳಗೆ ಎಲ್ಲರೂ ಸಹಿ ಹಾಕಿ. ಹೆಬ್ಬೆಟ್ಟು ಬೇಡ. ಅರ್ಜಿಯನ್ನು ಎರಡು ಪ್ರತಿ ಬರೆಯಿರಿ. ಒಂದನ್ನು ಕಚೇರಿಗೆ ಕೊಡಿ. ಇನ್ನೊಂದರ ಮೇಲೆ ಮೊಹರು ಹಾಕಿಸಿ, ತಾರೀಖು ಬರೆಸಿ, ವಾಪಸು ತನ್ನಿ. "ಆಮೇಲೆ ಬಾರಮ್ಮ" ಎಂದರೆ ಮೊಹರು ಬೀಳುವ ತನಕ ಅಲ್ಲೇ ಕೂತಿರಿ. ಮೊಹರಿನ ಪ್ರತಿಯನ್ನು ಕಂದಾಯದ ರಸೀದಿ ಇಡುವ ಕಡೆಯೇ ಇಡಿ.